ಮುಚ್ಚದ ಉದ್ಧರಣ ಚಿಹ್ನೆ

ಉಮ್ಮಚಗಿಯ ಮನೆಯ ಜಗುಲಿಯಲ್ಲಿ ಮೊಮ್ಮಗಳಿಂದ ಎಚ್‌ಟಿಎಂಎಲ್ ಕಲಿಯುತ್ತಿದ್ದೇನೆ. 1990ರ ಸುಮಾರಿಗೆ ಟಿಮ್ ಬರ್ನರ್ಸ್-ಲೀ ಹುಟ್ಟುಹಾಕಿದ ಈ ಗುರುತುಭಾಷೆಯಲ್ಲಿ, ಕೋನಾವರಣದೊಳಗಿನ ‘ಬಿ’ ಅಕ್ಷರಗಳನ್ನು ದಪ್ಪಗೊಳಿಸುತ್ತದೆ, ‘ಐ’ ಓರೆಯಾಗಿಸುತ್ತದೆ, ‘ಎ’ ಕೊಂಡಿ ಬೆಸೆಯುತ್ತದೆ. ಮುಗಿಯುವಲ್ಲಿ ಓರೆಗೆರೆ ಸೇರಿಸಿ ಅದೇ ಗುರುತನ್ನು ಮತ್ತೆ ಬರೆಯಬೇಕು.

ನಿನ್ನೆ ಕೊಂಡಿಯ ವಿಳಾಸದ ಕೊನೆಯಲ್ಲಿ ಉದ್ಧರಣ ಚಿಹ್ನೆಯನ್ನು ಮುಚ್ಚಲು ಮರೆತೆ. ಮುಂದಿನ ಸಾಲುಗಳೆಲ್ಲ ಪರದೆಯಿಂದ ಮಾಯವಾದವು! “ಅಜ್ಜಾ, ದಣಪೆನೇ ಹಾಕಿದ್ದಿಲ್ಲೆ!” ಎಂದು ಆಕೆ ನಕ್ಕಳು.

ವಿದ್ಯಾರ್ಥಿ ಮಿತ್ರರೇ, ಪ್ರಬಂಧದಲ್ಲಿ ಇದೇ ಚಿಹ್ನೆ ಮುಚ್ಚದ ತಪ್ಪಿಗೆ ನಿಮ್ಮಲ್ಲಿ ಕೆಲವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಆಕೆ ನನ್ನನ್ನು ನಿಲ್ಲಿಸಲಿಲ್ಲ. ತಪ್ಪಿದ ಜಾಗವನ್ನು ಬೆರಳಿಟ್ಟು ತೋರಿಸಿದಳು. ಹಾಗೆ ತೋರಿಸುವುದು ಅಂದು ನನಗೆ ತೋಚಲಿಲ್ಲ. ಕ್ಷಮೆಯಿರಲಿ.