ಎಡಪಾದದ ಒಂದು ಡಿಗ್ರಿ

ಪುಣೆಯಲ್ಲಿ ಭಾನುವಾರದ ಬೆಳಗು ನಮಗೆ ಐದು ಗಂಟೆಗೇ ಆರಂಭವಾಗುತ್ತದೆ. ನಾವು ಮೂವರು. ಬೇರೆ ಬೇರೆ ಕೇಂದ್ರ ಸರ್ಕಾರಿ ಕಚೇರಿಗಳಲ್ಲಿ ದುಡಿಯುವವರು, ನಲವತ್ತು ದಾಟಿದವರು, ಸಂಸಾರವನ್ನು ಊರಿನಲ್ಲಿ ಬಿಟ್ಟು ವರ್ಗಾವಣೆಯ ಮೇಲೆ ಬಂದವರು. ಸ್ವಾರಗೇಟಿನಲ್ಲಿ ಕೂಡಿ, ಕಾತ್ರಜದ ಹಳೆಯ ಘಾಟಿಯನ್ನು ಸೈಕಲ್ಲಿನಲ್ಲಿ ಹತ್ತಿ, ಸುರಂಗ ದಾಟಿ, ಖೇಡ್ ಶಿವಾಪುರದವರೆಗೆ ಹೋಗಿ ಮರಳುವುದು ವಾಡಿಕೆ. ವಾರವಿಡೀ ಕಡತಗಳಲ್ಲಿ ಇಂಗ್ಲಿಷು, ಸಹೋದ್ಯೋಗಿಗಳೊಡನೆ ಹಿಂದಿ, ತರಕಾರಿ ಅಂಗಡಿಯಲ್ಲಿ ಮುರುಕು ಮರಾಠಿ. ಬಾಯ್ತುಂಬ ಕನ್ನಡ ಆಡುವುದು ಆ ಬೆಳಗಿನಲ್ಲಿ ಮಾತ್ರ. ಆದುದರಿಂದ ನಮ್ಮಲ್ಲೊಬ್ಬರ ಮೊಣಕಾಲು ಕೆಟ್ಟಾಗ ನಮ್ಮ ಭಾನುವಾರವೂ ಕೆಟ್ಟಿತು.

ಆ ಒಬ್ಬರು ನಮ್ಮ ಪೈಕಿ ಹಿರಿಯರು, ಬಾಗಲಕೋಟೆಯ ಕಡೆಯವರು. ಸೈಕಲ್ ಸವಾರಿಯ ಗೀಳು ಹಚ್ಚಿದವರೂ ಅವರೇ. ಕಳೆದ ವರ್ಷ ಅವರು ಪೆಡಲಿಗೆ ಕಚ್ಚಿಕೊಳ್ಳುವ ಬೂಟುಗಳನ್ನು ಕೊಂಡರು. ಅಟ್ಟೆಯ ಅಡಿಯಲ್ಲಿ ಕ್ಲೀಟ್ ಎಂಬ ಪ್ಲಾಸ್ಟಿಕ್ಕಿನ ಅಚ್ಚು. ಅದು ಟಪ್ಪೆಂದು ಪೆಡಲಿನೊಳಗೆ ಕೂರುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಈ ಉಪಾಯ ಹಿಮಜಾರಾಟದಿಂದ ಬಂದದ್ದು. ಹಿಮಜಾರು ಹಲಗೆಗೆ ಬೂಟು ಬಿಗಿಯುವ ಸಾಧನಗಳನ್ನು ತಯಾರಿಸುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದನ್ನು ಸೈಕಲ್ಲಿಗೆ ತಂದಿತು. ಮರುವರ್ಷ ಬರ್ನಾರ್ ಇನೋ ಅದೇ ಪೆಡಲುಗಳ ಮೇಲೆ ತಮ್ಮ ಐದನೆಯ ಟೂರ್ ದ ಫ್ರಾನ್ಸ್ ಗೆದ್ದರು. ಅದೇ ಇನೋ 1980ರಲ್ಲಿ ಮುನ್ನಡೆಯ ಹಳದಿ ಅಂಗಿ ತೊಟ್ಟಿದ್ದಾಗಲೇ ಮೊಣಕಾಲ ನೋವಿನಿಂದ ಸ್ಪರ್ಧೆ ಬಿಟ್ಟವರು. ಈ ಕಥೆಯನ್ನು ನಮಗೆ ಹೇಳಿದವರೂ ನಮ್ಮ ಬಾಗಲಕೋಟೆಯ ಗೆಳೆಯರೇ.

ಎರಡು ತಿಂಗಳಲ್ಲಿ ಅವರ ಎಡ ಮೊಣಕಾಲಿನ ಒಳಮಗ್ಗುಲು ನೋಯತೊಡಗಿತು. ಮೊದಲು ಘಾಟಿಯ ಕೊನೆಯ ತಿರುವಿನಲ್ಲಿ, ಆಮೇಲೆ ಘಾಟಿಯ ಬುಡದಲ್ಲಿಯೇ. ನಾವಿಬ್ಬರು ನಕ್ಕೆವು. “ವಯಸ್ಸಾಯಿತು ಸರ್, ನಿವೃತ್ತಿಗೆ ಅರ್ಜಿ ಹಾಕಿ” ಎಂದೆವು. ಅವರೂ ನಗುತ್ತಿದ್ದರು. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಸಿದರು. ಮೂಳೆಯಲ್ಲಿ ದೋಷವಿಲ್ಲ, ಸೈಕಲ್ ಬಿಡಿ ಎಂದರಂತೆ. ಒಂದು ಶನಿವಾರ ರಾತ್ರಿ ಫೋನು ಬಂತು: “ಇನ್ನ ಮ್ಯಾಲೆ ನೀವಿಬ್ರ ಹೋಗ್ರಿ ಸರ. ನಂದು ಕಾಲ ಮುಗೀತ್ರಿ.” ಅವರು ಹೇಳಿದ್ದು ಕಾಲೋ ಕಾಲವೋ ತಿಳಿಯದೆ, ಕೇಳುವ ಧೈರ್ಯವೂ ಇಲ್ಲದೆ, ಫೋನಿಟ್ಟೆವು.

ನಾಲ್ಕು ಭಾನುವಾರ ನಾವಿಬ್ಬರೇ ಹೋದೆವು. ಮೂರನೆಯ ವಾರ ಸುರಂಗದಿಂದಲೇ ಹಿಂದಿರುಗಿದೆವು. ನಾಲ್ಕನೆಯ ವಾರ ಮಾತೇ ಹುಟ್ಟಲಿಲ್ಲ. ಆ ಸಂಜೆ ಅವರ ಕೋಣೆಗೆ ಹೋದಾಗ ಅವರು ಕಚೇರಿಯ ಬೂಟುಗಳನ್ನು ಹೊಲಿಸಲು ಹೊರಟಿದ್ದರು. ಜೊತೆಗೆ ನಡೆದೆವು.

ಬೀದಿಯ ಮೂಲೆಯ ಮುದುಕ ಚಮ್ಮಾರರು ಎರಡೂ ಬೂಟುಗಳನ್ನು ತಿರುವಿ ನೋಡಿ, ಕಲ್ಲಿನ ಮೇಲೆ ಪಕ್ಕಪಕ್ಕದಲ್ಲಿಟ್ಟರು. ಬಲದ್ದು ನೆಟ್ಟಗೆ ನಿಂತಿತು. ಎಡದ್ದು ಒಳಕ್ಕೆ ವಾಲಿತು. “ಹೊಲಿದುಕೊಡುತ್ತೇನೆ ಸಾಹೇಬರೇ, ಆದರೆ ಮತ್ತೆ ಹೀಗೆಯೇ ಸವೆಯುತ್ತದೆ. ನಿಮ್ಮ ಎಡಪಾದ ಒಳಕ್ಕೆ ಬೀಳುತ್ತದೆ” ಎಂದು ಮರಾಠಿಯಲ್ಲಿ ಹೇಳಿದರು. ನಾವು ಮೂವರೂ ಆ ಬೂಟನ್ನು ನೋಡುತ್ತ ನಿಂತೆವು. ಇಂಗ್ಲಿಷ್ ಎಂ.ಎ. ಮಾಡಿ, ಪದ್ಯದ ಪಾದಗಳನ್ನು ವರ್ಷಗಟ್ಟಲೆ ಎಣಿಸಿದವರು ನಮ್ಮಲ್ಲಿದ್ದರು. ಗೆಳೆಯರ ಪಾದವನ್ನು ಮಾತ್ರ ಯಾರೂ ನೋಡಿರಲಿಲ್ಲ.

ಮುಂದಿನ ವಾರ, ಸವಾರನ ಮೈಗೆ ಸೈಕಲನ್ನು ಹೊಂದಿಸಿಕೊಡುವ ತರುಣನೊಬ್ಬನ ಬಳಿ ಅವರನ್ನು ಕರೆದೊಯ್ದೆವು. ಅವರನ್ನು ಮೇಜಿನ ಮೇಲೆ ಬೋರಲಾಗಿ ಮಲಗಿಸಿ, ಪಾದಗಳನ್ನು ಅಂಚಿನಿಂದಾಚೆ ಸಡಿಲವಾಗಿ ಇಳಿಬಿಡಿಸಿದ. ಎಡಪಾದದ ಮುಂಭಾಗದಲ್ಲಿ ಹೆಬ್ಬೆರಳಿನ ಬದಿ ಕಿರುಬೆರಳಿನ ಬದಿಗಿಂತ ಎತ್ತರದಲ್ಲಿತ್ತು. ಬಹಳ ಜನರ ಪಾದ ಹೀಗೆಯೇ ಇರುತ್ತದೆಯಂತೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಪಾದ ನೆಲವನ್ನು ಬಿಟ್ಟು ಮತ್ತೆ ಹೊಂದಿಕೊಳ್ಳುತ್ತದೆ. ಸೈಕಲ್ಲಿನಲ್ಲಿ ಭಾರವೆಲ್ಲ ಬೆರಳುಗಳ ಬುಡದ ಮೇಲೆ, ಬಾಗದ ಗಟ್ಟಿ ಅಟ್ಟೆಯ ಮೇಲೆ. ಚಪ್ಪಟೆಯಾದ ಪೆಡಲನ್ನು ಮುಟ್ಟಲು ಪಾದ ಒಳಕ್ಕೆ ಹೊರಳುತ್ತದೆ, ಅದರೊಡನೆ ಮೊಣಕಾಲ ಕೆಳಗಿನ ಮೂಳೆ ತಿರುಗುತ್ತದೆ, ಮೊಣಕಾಲು ಸೈಕಲ್ಲಿನ ನಡುದಂಡದ ಕಡೆಗೆ ವಾಲುತ್ತದೆ. ನಿಮಿಷಕ್ಕೆ 80 ಸುತ್ತಿನಂತೆ ತುಳಿದರೆ ಗಂಟೆಗೆ 4,800 ಬಾರಿ ಹೀಗೆ.

ಬೂಟುಗಳಲ್ಲಿ ಇನ್ನೂ ಎರಡು ತಪ್ಪುಗಳಿದ್ದವು. ಕಚೇರಿಯ ಬೂಟಿನ ಅಳತೆಯನ್ನೇ ಹೇಳಿ ಕೊಂಡದ್ದರಿಂದ ಅವು ಇಕ್ಕಟ್ಟಾಗಿದ್ದವು. ಪಾದ ಹಿಗ್ಗಿರುವ ಸಂಜೆಯ ಹೊತ್ತು, ನಿಂತುಕೊಂಡು ಅಳತೆ ಕೊಡಬೇಕಿತ್ತು. ಜೊತೆಗೆ ಕ್ಲೀಟುಗಳು ಕೆಂಪು ಬಣ್ಣದವು. ಹೆಚ್ಚಾಗಿ ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ಕೆಂಪಿನದು ಹಿಮ್ಮಡಿಯನ್ನು ಅತ್ತಿತ್ತ ಸರಿಯಗೊಡುವುದಿಲ್ಲ. ನೀಲಿಯದು 2 ಡಿಗ್ರಿ, ಹಳದಿಯದು 6 ಡಿಗ್ರಿ ಸಡಿಲ ಕೊಡುತ್ತದೆ. ನೋಡಲು ಚೆಂದವೆಂದು ನಮ್ಮ ಗೆಳೆಯರು ಕೆಂಪನ್ನು ಆರಿಸಿದ್ದರು.

ತರುಣ ಹಳದಿ ಕ್ಲೀಟು ಹಾಕಿದ, ಅದನ್ನು ತುಸು ಹಿಂದಕ್ಕೆ ಸರಿಸಿದ, ಎಡ ಬೂಟಿನಡಿಗೆ ಮಾತ್ರ ಒಂದು ಡಿಗ್ರಿಯ ತೆಳು ಬೆಣೆಯನ್ನು, ದಪ್ಪ ಬದಿ ಹೆಬ್ಬೆರಳಿನ ಕಡೆಗೆ ಬರುವಂತೆ, ಕೂರಿಸಿದ. ಬಲಗಾಲಿಗೆ ಬೇಡ, ಬೇಡದ ಕಾಲಿಗೆ ಹಾಕಿದರೆ ಹೊಸ ನೋವು ಬರುತ್ತದೆ ಎಂದ. ಮೂರು ವಾರ ವಿಶ್ರಾಂತಿ, ಆಮೇಲೆ ಸಮತಟ್ಟಿನಲ್ಲಿ ಸ್ವಲ್ಪ ಸ್ವಲ್ಪವೇ ಸವಾರಿ. ಊತ ಬಂದರೆ ಮತ್ತೆ ವೈದ್ಯರಲ್ಲಿಗೆ ಹೋಗಬೇಕೆಂದೂ ಎಚ್ಚರಿಸಿದ. ದೊಡ್ಡ ಅಳತೆಯ ಬೂಟು ಕೊಳ್ಳಲು ಗೆಳೆಯರು ಮುಂದಿನ ಸಂಬಳದವರೆಗೆ ಕಾದರು.

ನೋವು ಒಮ್ಮೆಲೇ ಮಾಯವಾಗಲಿಲ್ಲ. ಮೊದಲ ಸವಾರಿಗಳಲ್ಲಿ ಅವರು ಆಗಾಗ ಇಳಿದು ಮೊಣಕಾಲು ಒತ್ತಿಕೊಳ್ಳುತ್ತಿದ್ದರು. ನಾವೂ ಇಳಿದು ನಿಲ್ಲುತ್ತಿದ್ದೆವು. ಎರಡು ತಿಂಗಳ ಮೇಲೆ ಕಾತ್ರಜದ ಘಾಟಿಯನ್ನು ಮೂವರೂ ಹತ್ತಿದೆವು. ಸುರಂಗದ ಬಾಯಲ್ಲಿ ಅವರು ಒಳಮಗ್ಗುಲನ್ನು ಬೆರಳಿನಿಂದ ಒತ್ತಿ ನೋಡಿ, “ಏನೂ ಇಲ್ರಿ ಸರ” ಎಂದರು. ನಕ್ಕದ್ದಕ್ಕೆ ಕ್ಷಮೆ ಕೇಳಬೇಕೆಂದು ನಾವು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆವು. ಹೇಳಲು ಹೊರಟಾಗ ಅವರೇ ತಡೆದು, “ಅದೆಲ್ಲಾ ಇರ್ಲಿ, ಚಾ ಯಾರ ಕುಡಸ್ತೀರಿ?” ಎಂದರು.

ಚಹದ ದುಡ್ಡು ನಾವೇ ಕೊಟ್ಟೆವು. ಮೊನ್ನೆ ನಮ್ಮಲ್ಲಿ ಕಿರಿಯವರು ಕುತ್ತಿಗೆ ಹಿಡಿದಿದೆ ಎಂದಾಗ ಯಾರೂ ವಯಸ್ಸಿನ ಮಾತೆತ್ತಲಿಲ್ಲ. ರಸ್ತೆಯ ಬದಿಗೆ ಸೈಕಲ್ ನಿಲ್ಲಿಸಿ, ಅವರ ಹ್ಯಾಂಡಲು ಎಷ್ಟು ದೂರವಿದೆಯೆಂದು ಅಳೆಯತೊಡಗಿದೆವು.