ಎರಡೂವರೆ ಅಂಗುಲ ಹಿಮ

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿ, ಅಪಲೇಚಿಯನ್ ಪರ್ವತಗಳ ತಪ್ಪಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,000 ಅಡಿ ಎತ್ತರದ ಏರುತಗ್ಗುಗಳ ಮೇಲೆ ಹಬ್ಬಿ ನಿಂತಿದೆ ಅಟ್ಲಾಂಟ ನಗರ. ಜಾರ್ಜಿಯ ರಾಜ್ಯದ ಈ ರಾಜಧಾನಿ ಹುಟ್ಟಿದ್ದೇ ಸಂಚಾರದ ದೆಸೆಯಿಂದ. 1837ರಲ್ಲಿ ರೈಲುಹಾದಿಯ ಕೊನೆಯನ್ನು ಗುರುತಿಸಲು ನೆಟ್ಟ ಒಂದು ಗೂಟದ ಸುತ್ತ ಬೆಳೆದ ಊರಿದು. ಆದುದರಿಂದಲೇ ಇದರ ಮೊದಲ ಹೆಸರು ‘ಟರ್ಮಿನಸ್’, ಎಂದರೆ ಕಡೆಯ ನಿಲ್ದಾಣ. ಕೋಕಾ-ಕೋಲಾ ಪಾನೀಯ 1886ರಲ್ಲಿ ಸಿದ್ಧವಾದುದು ಇಲ್ಲಿ. ಮಾರ್ಟಿನ್ ಲೂಥರ್ ಕಿಂಗ್ 1929ರಲ್ಲಿ ಜನಿಸಿದ್ದು ಇಲ್ಲಿ. ಇಂದು ಮೂರು ಮಹಾ ಹೆದ್ದಾರಿಗಳು ನಗರದ ನಡುವೆ ಕೂಡುತ್ತವೆ. 285ನೆಯ ಸಂಖ್ಯೆಯ ವರ್ತುಲ ಹೆದ್ದಾರಿ ಊರನ್ನು ಒಡ್ಯಾಣದಂತೆ ಸುತ್ತಿದೆ. ಉದ್ಯೋಗವನ್ನರಸಿ ಬಂದ ಕನ್ನಡಿಗರೂ ಇಲ್ಲಿ ನೆಲೆಸಿದ್ದಾರೆ. ನೃಪತುಂಗನ ಹೆಸರಿನಲ್ಲಿ ಕನ್ನಡ ಕೂಟವನ್ನೂ ಕಟ್ಟಿಕೊಂಡಿದ್ದಾರೆ.

ದಕ್ಷಿಣದ ಈ ಸೀಮೆಗೆ ಹಿಮವೆಂಬುದು ಅಪರೂಪದ ಅತಿಥಿ. ವರ್ಷಕ್ಕೆ ಸರಾಸರಿ ಎರಡು ಅಂಗುಲದಷ್ಟು ಬಿದ್ದರೆ ಹೆಚ್ಚು. ಕೆಲವು ವರ್ಷ ಬೀಳುವುದೇ ಇಲ್ಲ. ಬಿದ್ದ ದಿನ ಮಕ್ಕಳಿಗೆ ಹಬ್ಬ. ಆದರೆ ಅತಿಥಿಯ ಸ್ವಭಾವವನ್ನು ತಿಳಿಯದ ಮನೆ ಪೇಚಿಗೆ ಸಿಕ್ಕುವಂತೆ, ಈ ನಗರವೂ ಒಮ್ಮೆ ಸಿಕ್ಕಿಬಿದ್ದಿತು.

ಅದು 2014ರ ಜನವರಿ 28, ಮಂಗಳವಾರ. ಹಿಮದ ಮುಖ್ಯ ಹೊಡೆತ ನಗರದ ದಕ್ಷಿಣಕ್ಕೆ ಬೀಳುವುದೆಂಬುದು ಹಿಂದಿನ ದಿನದ ನಿರೀಕ್ಷೆಯಾಗಿತ್ತು. ಬೆಳಗಿನ ಜಾವ ಹವಾಮಾನ ಇಲಾಖೆ ಎಚ್ಚರಿಕೆಯನ್ನು ನಗರಕ್ಕೂ ವಿಸ್ತರಿಸಿತು. ಆ ವೇಳೆಗೆ ಊರು ಎದ್ದು ದಿನಚರಿಗೆ ತೊಡಗಿತ್ತು. ಮಕ್ಕಳು ಶಾಲೆಗೆ ಹೋದರು, ಹಿರಿಯರು ಕಚೇರಿಗೆ ಹೋದರು. ನಡುಹಗಲಿನ ಸುಮಾರಿಗೆ ಆಕಾಶದಿಂದ ಬಿಳಿಯ ಹೂವುಗಳು ಉದುರತೊಡಗಿದವು. ಶಾಲೆಗಳು ಮಕ್ಕಳನ್ನು ಬಿಟ್ಟವು. ಸರ್ಕಾರಿ ಕಚೇರಿಗಳು, ಖಾಸಗಿ ಸಂಸ್ಥೆಗಳು ಬಾಗಿಲು ಹಾಕಿದವು. ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಮನೆಯ ನೆನಪಾಯಿತು. ಎಲ್ಲ ಕಾರುಗಳೂ ಒಟ್ಟಿಗೆ ಬೀದಿಗಿಳಿದವು.

ಬಿದ್ದ ಹಿಮವೆಲ್ಲ ಸೇರಿ ಸುಮಾರು ಎರಡೂವರೆ ಅಂಗುಲ. ಬೆಚ್ಚಗಿದ್ದ ರಸ್ತೆಯ ಮೇಲೆ, ಸಹಸ್ರಾರು ಗಾಲಿಗಳ ಅಡಿಯಲ್ಲಿ ಅದು ಕರಗಿ ನೀರಾಯಿತು. ಶೀತ ಏರಿದಂತೆ ಆ ನೀರು ಮತ್ತೆ ಹೆಪ್ಪುಗಟ್ಟಿ ಗಾಜಿನಂಥ ಪದರವಾಯಿತು. ಏರುಗಳಲ್ಲಿ ಕಾರುಗಳು ಹಿಂದಕ್ಕೆ ಜಾರಿದವು. ಭಾರಿ ಲಾರಿಗಳು ನಡುವಿನಲ್ಲಿ ಮಡಿಚಿಕೊಂಡು ಹೆದ್ದಾರಿಗೆ ಅಡ್ಡಲಾಗಿ ನಿಂತವು. ಉಪ್ಪು, ಮರಳು ಎರಚಬೇಕಾಗಿದ್ದ ವಾಹನಗಳೇ ಸಂದಣಿಯ ಹಿಂದೆ ಸಿಕ್ಕಿಕೊಂಡ ಮೇಲೆ ಬಿಡುಗಡೆಯ ದಾರಿಯೆಲ್ಲಿ? ಅರ್ಧ ಗಂಟೆಯ ಪಯಣಕ್ಕೆ ಹತ್ತು ಹನ್ನೆರಡು ಗಂಟೆ ಹಿಡಿಯಿತು. ಅಪಘಾತಗಳ ಸಂಖ್ಯೆ ಸಾವಿರವನ್ನು ಮೀರಿತು.

ಆ ರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಶಾಲೆಗಳಲ್ಲಿಯೇ ಮಲಗಿದರು. ಕೆಲವರು ಶಾಲೆಯ ಬಸ್ಸುಗಳಲ್ಲಿ ಗಂಟೆಗಟ್ಟಲೆ ಕುಳಿತರು. ಅವರ ದಾರಿ ನೋಡುತ್ತಿದ್ದ ತಾಯಂದಿರ ಮನಸ್ಸು ಹೇಗಿದ್ದಿರಬೇಕು! ಅನೇಕರು ಕಾರನ್ನು ರಸ್ತೆಯಲ್ಲೇ ಬಿಟ್ಟು ಮೈಲಿಗಟ್ಟಲೆ ನಡೆದರು. ಅಂಗಡಿಗಳು ರಾತ್ರಿಯೆಲ್ಲ ಬಾಗಿಲು ತೆರೆದು ಅಪರಿಚಿತರಿಗೆ ಮಲಗಲು ಎಡೆಕೊಟ್ಟವು. ವರ್ತುಲ ಹೆದ್ದಾರಿಯ ಮೇಲೆ ನಿಂತ ಕಾರೊಂದರಲ್ಲಿ ಹೆಣ್ಣುಮಗುವೊಂದು ಜನಿಸಿತು. ತಾಯಿ ಮಗು ಇಬ್ಬರೂ ಕ್ಷೇಮವಾಗಿದ್ದರು.

ಹಿಮನಾಡಿನ ನಗರಗಳಿಗೆ ಒಂದು ಲೆಕ್ಕವೇ ಅಲ್ಲದ ಎರಡೂವರೆ ಅಂಗುಲ ಇಲ್ಲಿ ಇಷ್ಟನ್ನು ಮಾಡಿದ್ದು ಹೇಗೆ? ಅಲ್ಲಿ ಹಿಮ ತೆಗೆಯುವ ಯಂತ್ರಗಳು ಹೇರಳ. ಗಾಲಿಗಳಿಗೂ ಚಳಿಗಾಲದ ಟೈರುಗಳಿರುತ್ತವೆ. ಸಾಮಾನ್ಯ ಟೈರಿನ ರಬ್ಬರು ಉಷ್ಣಮಾನ 7 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಂತೆ ಗಡುಸಾಗಿ ಹಿಡಿತವನ್ನು ಕಳೆದುಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ: ಕಡುಚಳಿಯ ಒಣಹಿಮಕ್ಕಿಂತ, ಕರಗುತ್ತ ಹೆಪ್ಪುಗಟ್ಟುತ್ತ ಇರುವ ತೆಳುಹಿಮವೇ ಹೆಚ್ಚು ಜಾರು. ಬೆಚ್ಚನೆಯ ನಾಡಿನಲ್ಲಿ ಬೀಳುವುದು ಬಹುಮಟ್ಟಿಗೆ ಈ ಬಗೆಯದೇ. ಅದು ಕಣ್ಣಿಗೆ ಒದ್ದೆಯಾದ ಡಾಂಬರಿನಂತೆ ತೋರುತ್ತದೆ. ಮೋಸ ತಿಳಿಯುವುದು ಗಾಲಿ ಜಾರಿದ ಮೇಲೆಯೇ. ಕೆಳಗೂ ಮೇಲೂ ಗಾಳಿಯಾಡುವ ಸೇತುವೆಗಳು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ.

ಇಂಥ ರಸ್ತೆಯಲ್ಲಿ ಕಾರು ನಡೆಸುವವನಿಗೆ ಬೇಕಾದುದು ಬಲವಲ್ಲ, ಮೃದುತ್ವ. ಹೊರಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಮೆಲ್ಲಮೆಲ್ಲನೆ ಆಗಬೇಕು. ಮುಂದಿನ ವಾಹನ ದಾಟಿದ ಗುರುತನ್ನು ತಾನು ಮುಟ್ಟಲು ಎಂಟು ಹತ್ತು ಸೆಕೆಂಡಾದರೂ ಹಿಡಿಯುವಷ್ಟು ಅಂತರವಿರಬೇಕು. ಏರಿನಲ್ಲಿ ನಿಂತುಬಿಟ್ಟರೆ ಮತ್ತೆ ಹೊರಡುವುದು ಕಷ್ಟ. ಆದುದರಿಂದ ಬುಡದಲ್ಲೇ ಹದವಾದ ವೇಗವನ್ನು ಪಡೆದು ಅದನ್ನು ಕಾಯ್ದುಕೊಂಡು ಹತ್ತಬೇಕು. ಕಾರು ಜಾರತೊಡಗಿದಾಗ ಕಾಲು ತಾನಾಗಿ ಬ್ರೇಕಿಗೆ ಧಾವಿಸುತ್ತದೆ. ಅದನ್ನು ತಡೆಯುವುದೇ ಚಾಲಕನ ಪರೀಕ್ಷೆ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಹೋಗಬೇಕಾದ ದಿಕ್ಕನ್ನೇ ನೋಡುತ್ತ ಆ ಕಡೆಗೆ ಸ್ಟೀರಿಂಗನ್ನು ಹದವಾಗಿ ತಿರುಗಿಸಬೇಕು. ನಿಲ್ಲಿಸಲೇಬೇಕಾಗಿ ಬಂದರೆ, ಎ.ಬಿ.ಎಸ್. ಇರುವ ಕಾರಿನಲ್ಲಿ ಬ್ರೇಕನ್ನು ಒತ್ತಿಯೇ ಹಿಡಿಯಬೇಕು. ಇಲ್ಲದಿದ್ದರೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಿಲ್ಲಿಸಬೇಕು.

ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಕಾರೇ ಮನೆ. ಕಂಬಳಿ, ಕುಡಿಯುವ ನೀರು, ಒಂದಿಷ್ಟು ತಿಂಡಿ, ಟಾರ್ಚು, ಅರ್ಧಕ್ಕಿಂತ ಕಡಿಮೆಯಿಲ್ಲದ ಪೆಟ್ರೋಲು ಇದ್ದರೆ ರಾತ್ರಿಯನ್ನು ಕಳೆಯಬಹುದು. ಆದರೆ ಒಂದು ಅಪಾಯವನ್ನು ಮರೆಯಬಾರದು. ಸೈಲೆನ್ಸರಿನ ಬಾಯನ್ನು ಹಿಮ ಮುಚ್ಚಿದ್ದರೆ, ಎಂಜಿನಿನ ವಿಷಾನಿಲ ಒಳನುಗ್ಗಿ ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ. ಕೊಳವೆಯ ಸುತ್ತಲ ಹಿಮವನ್ನು ತೆಗೆದು, ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿ, ಎಂಜಿನನ್ನು ಆಗಾಗ ಸ್ವಲ್ಪ ಹೊತ್ತು ಮಾತ್ರ ನಡೆಸಬೇಕು.

ಇಷ್ಟೆಲ್ಲ ತಿಳಿದಿದ್ದರೂ ಆ ಮಂಗಳವಾರ ಯಾರೂ ಪಾರಾಗುತ್ತಿರಲಿಲ್ಲ. ನಿಂತ ಕಾರುಗಳ ನಡುವೆ ನಿಪುಣ ಚಾಲಕನೂ ನಿಂತೇ ಇರಬೇಕು. ಎಲ್ಲವನ್ನೂ ಒಮ್ಮೆಗೇ ಮುಚ್ಚಿ ಜನರನ್ನು ಕಳುಹಿಸಿದ್ದು ತಪ್ಪಾಯಿತೆಂದು ಆಗಿನ ಮೇಯರ್ ಕಾಸಿಂ ರೀಡ್ ಒಪ್ಪಿಕೊಂಡರು. ಸೋಜಿಗವೆಂದರೆ ಇದು ಹೊಸ ಪಾಠವೇನೂ ಅಲ್ಲ. 1982ರ ಜನವರಿ 12ರಂದು, ಅದೂ ಮಂಗಳವಾರವೇ, ಮಧ್ಯಾಹ್ನದ ಹಿಮಕ್ಕೆ ಹೆದರಿ ಊರೆಲ್ಲ ಒಟ್ಟಿಗೆ ಹೊರಟು ಇದೇ ಗತಿಯನ್ನು ಕಂಡಿತ್ತು. ಮೂವತ್ತೆರಡು ವರ್ಷಗಳಲ್ಲಿ ಆ ಪಾಠ ಮಸಳಿಸಿಹೋಗಿತ್ತು. ಅಪರೂಪಕ್ಕೆ ಬರುವ ವಿಪತ್ತಿನ ಮುಖ್ಯ ಗುಣವೇ ಅದು: ಅಭ್ಯಾಸವಾಗುವಷ್ಟು ಬರುವುದಿಲ್ಲ, ಮರೆಯುವಷ್ಟು ಬಿಡುವು ಕೊಡುತ್ತದೆ.

ಆದರೆ ಈ ಸಲ ಪರೀಕ್ಷೆ ಬೇಗನೆ ಬಂದಿತು. ಎರಡೇ ವಾರಗಳ ಅನಂತರ, ಫೆಬ್ರವರಿ 11ರಿಂದ 13ರವರೆಗೆ, ಹೆಪ್ಪುಗಟ್ಟುವ ಮಳೆಯೊಡನೆ ಇನ್ನೊಂದು ಬಿರುಗಾಳಿ ಎರಗಿತು. ಮಂಜುಗಡ್ಡೆಯ ಭಾರಕ್ಕೆ ಮರಗಳು ಮುರಿದವು, ವಿದ್ಯುತ್ ತಂತಿಗಳು ಹರಿದವು. ಅನೇಕ ಮನೆಗಳು ಕತ್ತಲಲ್ಲಿ ಮುಳುಗಿದವು. ಶಾಲೆ ಕಚೇರಿಗಳು ಮೊದಲೇ ಮುಚ್ಚಿದ್ದವು. ಜನರು ಮನೆ ಬಿಟ್ಟು ಕದಲಲಿಲ್ಲ. ತಾಳಿದವನು ಬಾಳಿಯಾನು ಎಂಬ ಮಾತನ್ನು ಒಂದು ಮಹಾನಗರವೇ ಆಚರಿಸಿ ತೋರಿಸಿತು. ಹದಿನೈದು ದಿನಗಳ ಹಿಂದೆ ಇರುವೆಯ ಸಾಲಿನಂತಿದ್ದ ಹೆದ್ದಾರಿಗಳು ನಡುಹಗಲಿನಲ್ಲಿ ಬರಿದಾಗಿ ಮಲಗಿದ್ದವು. ಅಂದು ಸಂದಣಿಯ ಹಿಂದೆ ಸಿಕ್ಕಿಕೊಂಡಿದ್ದ ಉಪ್ಪಿನ ಲಾರಿಗಳಿಗೆ ಇಂದು ಅಡ್ಡಿಯಿರಲಿಲ್ಲ. ತಮ್ಮ ಕೆಲಸವನ್ನು ಮಾಡಿಕೊಂಡು ಅವು ಮುಂದೆ ಸಾಗಿದವು.