ಅಮ್ಮನ ಪಾಸ್‌ಬುಕ್ಕಿನಿಂದ ಕಾಣೆಯಾದ ದುಡ್ಡು

2024ರ ಜನವರಿ. ಸಂಕ್ರಾಂತಿಗೆ ಇನ್ನೊಂದು ವಾರ ಇತ್ತು. ರಾತ್ರಿ ಅಮ್ಮ ಫೋನ್ ಮಾಡಿದಳು. ಯಾವತ್ತಿನ ಹಾಗೆ "ಊಟ ಆಯ್ತಾ" ಅಂತ ಕೇಳಲಿಲ್ಲ. ದನಿ ತಗ್ಗಿಸಿ, "ನನ್ ದುಡ್ಡು ಕಮ್ಮಿ ಆಗ್ತಾ ಐತೆ ಕಣೆ. ನಿನ್ ತಮ್ಮನ್ನ ಒಂದ್ ಮಾತು ಕೇಳು" ಅಂದಳು.

ನಮ್ಮೂರು ತಿಪಟೂರಿನ ಕಡೆ. ಅಪ್ಪ ತೀರಿಕೊಂಡ ಮೇಲೆ ಜಮೀನು ಅಮ್ಮನ ಹೆಸರಿಗೆ ಬಂತು. ರಸ್ತೆ ಅಗಲ ಮಾಡುವಾಗ ಅದರಲ್ಲಿ ಒಂದು ತುಂಡು ಹೋಯಿತು. ಬಂದ ಪರಿಹಾರದಲ್ಲಿ 12 ಲಕ್ಷ ರೂಪಾಯಿಯನ್ನು 2023ರ ಮಾರ್ಚ್ ಕೊನೆಯಲ್ಲಿ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟೆವು. ಬಡ್ಡಿ ಶೇ. 7. ಮೂರು ತಿಂಗಳಿಗೊಮ್ಮೆ 21,000 ರೂಪಾಯಿ ಅಮ್ಮನ ಖಾತೆಗೆ ಬರಬೇಕು. ಅಮ್ಮನ ಸಂಸಾರ ನಡೆಯುವುದು ಅದರಲ್ಲಿ, ಜೊತೆಗೆ ಒಂದಿಷ್ಟು ರಾಗಿ, ತೆಂಗು.

ಖಾತೆಯ ಎಟಿಎಂ ಕಾರ್ಡ್ ಇದ್ದದ್ದು ತಮ್ಮನ ಹತ್ತಿರ. ಅವನು ಗೂಡ್ಸ್ ಆಟೋ ಓಡಿಸುತ್ತಾನೆ. ಅಮ್ಮನಿಗೆ ಮಾತ್ರೆ, ಗೊಬ್ಬರ, ಏನು ಬೇಕಾದರೂ ಅವನೇ ದುಡ್ಡು ತೆಗೆದು ತರುತ್ತಿದ್ದ.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅಂಕಿ ಬರುತ್ತದೆ. ಪಾಸ್‌ಬುಕ್ಕಿನಲ್ಲಿ ಯಾವ ಸಾಲು ದುಡ್ಡು ಹಾಕಿದ್ದು, ಯಾವ ಸಾಲು ತೆಗೆದದ್ದು ಅಂತ ಗೊತ್ತು. ಎಂಟ್ರಿ ಹಾಕಿಸಿಕೊಂಡು ಬಂದು ನೋಡಿದ್ದಾಳೆ. ಜೂನ್‌ನಲ್ಲಿ 21,000 ಬಂದಿದೆ, ಅದೇ ದಿನ 2,100 ಹೋಗಿದೆ. ಸೆಪ್ಟೆಂಬರ್‌ನಲ್ಲಿ 21,000 ಬಂದು 4,200 ಹೋಗಿದೆ. ಡಿಸೆಂಬರ್‌ನಲ್ಲಿ ಮತ್ತೆ 4,200. ಕಾರ್ಡ್ ಇರುವುದು ಮಗನ ಹತ್ತಿರ. ಅವಳ ಲೆಕ್ಕ ಅಲ್ಲಿಗೆ ಮುಗಿಯಿತು.

ನಾನು ತಮ್ಮನಿಗೆ ಫೋನ್ ಮಾಡಿದೆ. ಕೇಳಿದ ರೀತಿಯೇ ಸರಿ ಇರಲಿಲ್ಲ. "ಸೆಪ್ಟೆಂಬರ್‌ನಲ್ಲಿ ನಾಲ್ಕು ಸಾವಿರ ಯಾಕೆ ತೆಗ್ದೆ?" ಅಂದುಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀನೂ ಹಂಗೇ ಅಂದ್ಕಂಡಾ ಅಕ್ಕ?" ಅಂದು ಫೋನ್ ಇಟ್ಟ. ಆ ರಾತ್ರಿಯೇ ಕಾರ್ಡನ್ನು ದೇವರ ಗೂಡಿನಲ್ಲಿ ಇಟ್ಟನಂತೆ. ಅಮ್ಮನ ಜೊತೆ ಮಾತು ಬಿಟ್ಟ.

ಹಬ್ಬಕ್ಕೆ ಹೋದಾಗ ಎಳ್ಳು ಬೆಲ್ಲ ಹಂಚಿದೆವು, ಮಾತು ಮಾತ್ರ ಇರಲಿಲ್ಲ. ಮಧ್ಯಾಹ್ನ ಪಾಸ್‌ಬುಕ್ ಕೈಗೆತ್ತಿಕೊಂಡೆ. ಆ ಮೂರೂ ಸಾಲಿನ ಮುಂದೆ ಸಣ್ಣ ಅಕ್ಷರದಲ್ಲಿ ಒಂದೇ ಪದ ಇತ್ತು: ಟಿಡಿಎಸ್.

ಹತ್ತು ಸಲ ಬಜೆಟ್ ಸುದ್ದಿಯಲ್ಲಿ ಆ ಪದ ಬರೆದವಳು ನಾನು. ನನ್ನ ಮನೆಯ ಪಾಸ್‌ಬುಕ್ಕನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಮಾರನೇ ದಿನ ಅಮ್ಮನನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಅಲ್ಲಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಸಾಲು ಇರಬಹುದು.

ಟಿಡಿಎಸ್ ಅಂದರೆ ದುಡ್ಡು ಕೊಡುವವರೇ ಮೊದಲು ತೆರಿಗೆ ಹಿಡಿದುಕೊಂಡು, ಉಳಿದದ್ದನ್ನು ನಮಗೆ ಕೊಡುವುದು. ಹಿಡಿದದ್ದನ್ನು ಅವರು ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮ ಪ್ಯಾನ್ ನಂಬರಿನ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. ಆ ವರ್ಷ, ಅರವತ್ತು ವರ್ಷ ತುಂಬದವರಿಗೆ ಒಂದು ಬ್ಯಾಂಕಿನಿಂದ ವರ್ಷಕ್ಕೆ 40,000 ರೂಪಾಯಿಗಿಂತ ಹೆಚ್ಚು ಠೇವಣಿ ಬಡ್ಡಿ ಬಂದರೆ ಶೇ. 10 ಹಿಡಿಯಬೇಕಿತ್ತು. ಅಮ್ಮನ ಬಡ್ಡಿ ವರ್ಷಕ್ಕೆ 84,000. ಹಾಗಾಗಿ ಜೂನ್‌ನಲ್ಲಿ 2,100 ಹಿಡಿದರು.

"ಜಮೀನಿನ ದುಡ್ಡಿಗೆ ತೆರಿಗೆ ಇಲ್ಲ ಅಂದಿದ್ರಲ್ಲ ಸ್ವಾಮಿ?" ಅಂತ ಅಮ್ಮ ಕೇಳಿದಳು. ನಾವೆಲ್ಲ ಅಂದುಕೊಂಡದ್ದೂ ಅದನ್ನೇ. ಸಾಗುವಳಿ ಜಮೀನು ಅಂತ ಪರಿಹಾರ ಕೊಡುವಾಗ ತೆರಿಗೆ ಹಿಡಿದಿರಲಿಲ್ಲ, ನಿಜ. ಬೆಳೆಯಿಂದ ಬಂದ ದುಡ್ಡಿಗೂ ಆದಾಯ ತೆರಿಗೆ ಇಲ್ಲ. ಆದರೆ ಅದೇ ದುಡ್ಡನ್ನು ಬ್ಯಾಂಕಿನಲ್ಲಿಟ್ಟರೆ ಬರುವ ಬಡ್ಡಿ ಬೇಸಾಯದ ಆದಾಯ ಅಲ್ಲ. ಅದಕ್ಕೆ ಬೇರೆ ಲೆಕ್ಕ.

2,100 ಇದ್ದದ್ದು 4,200 ಆದದ್ದು ಯಾಕೆ? ಅದಕ್ಕೆ ಕಾರಣ ಪ್ಯಾನ್ ಕಾರ್ಡ್. ಅಪ್ಪ ಇದ್ದಾಗ, 2014ರಲ್ಲಿ ಅಮ್ಮನಿಗೆ ಪ್ಯಾನ್ ಮಾಡಿಸಿದ್ದರು. ಅದಕ್ಕೆ ಆಧಾರ್ ಜೋಡಿಸಿರಲಿಲ್ಲ. ಜೋಡಿಸಲು 2023ರ ಜೂನ್ 30 ಕೊನೆಯ ದಿನವಾಗಿತ್ತು. ಜುಲೈ 1ರಿಂದ ಆ ಪ್ಯಾನ್ ನಿಷ್ಕ್ರಿಯ. ಆಗ ಹಿಡಿಯುವುದು ಶೇ. 10 ಅಲ್ಲ, ಶೇ. 20.

ಕೌಂಟರಿನಲ್ಲಿದ್ದವರು ಇಷ್ಟನ್ನೂ ಹೇಳಿ, "ಮೊದಲೇ ಫಾರಂ 15ಜಿ ಕೊಟ್ಟು, ಪ್ಯಾನ್ ಸರಿ ಇದ್ದಿದ್ರೆ ಒಂದು ರೂಪಾಯಿನೂ ಹಿಡೀತಿರಲಿಲ್ಲ" ಅಂದರು. ಎಫ್‌ಡಿ ಇಡುವ ದಿನ ಹತ್ತು ಕಡೆ ಸಹಿ ಹಾಕಿಸಿಕೊಂಡಿದ್ದರು. ಈ ಒಂದು ಕಾಗದದ ಮಾತು ಯಾರೂ ಎತ್ತಿರಲಿಲ್ಲ. ನಾವೂ ಕೇಳಿರಲಿಲ್ಲ.

15ಜಿ ಅಂದರೆ "ಈ ವರ್ಷ ನನ್ನ ಆದಾಯಕ್ಕೆ ತೆರಿಗೆ ಬರುವುದಿಲ್ಲ, ಹಿಡಿಯಬೇಡಿ" ಅಂತ ಆಗ ನಾವು ಬರೆದುಕೊಡುತ್ತಿದ್ದ ಘೋಷಣೆ. ಅರವತ್ತು ತುಂಬಿದವರಿಗೆ 15ಎಚ್ ಇತ್ತು. ಒಮ್ಮೆ ಕೊಟ್ಟರೆ ಸಾಲದು, ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕೊಡಬೇಕು. ಎರಡು ಬ್ಯಾಂಕಿನಲ್ಲಿ ಠೇವಣಿ ಇದ್ದರೆ ಎರಡೂ ಕಡೆ ಕೊಡಬೇಕು. ನಿಜವಾಗಿ ತೆರಿಗೆ ಬರುವಷ್ಟು ಆದಾಯ ಇರುವವರು ಕೊಡಬಾರದು, ಸುಳ್ಳು ಘೋಷಣೆ ಅಪರಾಧ.

ಹೋದ ದುಡ್ಡಿನ ಕತೆ? ಬ್ಯಾಂಕಿನವರು ಅದನ್ನು ವಾಪಸ್ ಕೊಡುವ ಹಾಗಿಲ್ಲ, ಆಗಲೇ ಸರ್ಕಾರಕ್ಕೆ ಕಟ್ಟಿ ಆಗಿರುತ್ತದೆ. ವರ್ಷ ಮುಗಿದ ಮೇಲೆ ನಾವು ರಿಟರ್ನ್ ಹಾಕಿ ಕೇಳಿದರೆ ಮಾತ್ರ ಬರುತ್ತದೆ. ಪ್ಯಾನ್ ನಿಷ್ಕ್ರಿಯವಾಗಿದ್ದರೆ ಅದೂ ಬರುವುದಿಲ್ಲ.

ಆಧಾರ್ ಜೋಡಿಸಲು 1,000 ರೂಪಾಯಿ ದಂಡ ಕಟ್ಟಿದೆವು. ಆದರೂ ಆಗಲಿಲ್ಲ. ಪ್ಯಾನ್‌ನಲ್ಲಿ ಅಮ್ಮನ ಹುಟ್ಟಿದ ವರ್ಷ ಒಂದು, ಆಧಾರ್‌ನಲ್ಲಿ ಇನ್ನೊಂದು. ಅದನ್ನು ತಿದ್ದಿಸಿ, ಪ್ಯಾನ್ ಮತ್ತೆ ಸಕ್ರಿಯ ಆಗುವಷ್ಟರಲ್ಲಿ ಏಪ್ರಿಲ್ ಬಂತು. ಮಾರ್ಚ್ ಬಡ್ಡಿಯಲ್ಲೂ 4,200 ಹೋಯಿತು. ಒಟ್ಟು 14,700. ಏಪ್ರಿಲ್‌ನಲ್ಲೇ 15ಜಿ ಕೊಟ್ಟೆವು.

ರಿಟರ್ನ್ ಹಾಕಲು ಜೂನ್ ಮಧ್ಯದವರೆಗೆ ಕಾದೆವು. ಮಾರ್ಚ್‌ವರೆಗಿನ ಲೆಕ್ಕವನ್ನು ಬ್ಯಾಂಕ್ ಒಪ್ಪಿಸಲು ಮೇ 31ರವರೆಗೆ ಸಮಯ ಇರುತ್ತದೆ. ಅದಾದ ಮೇಲೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಫಾರಂ 26ಎಎಸ್ ತೆರೆದರೆ ನಮ್ಮ ಹೆಸರಿನಲ್ಲಿ ಎಷ್ಟು ಕಟ್ಟಿದ್ದಾರೆ ಅಂತ ಆಗ ಕಾಣುತ್ತಿತ್ತು. ಅದನ್ನು ಅಮ್ಮನಿಗೆ ಮೊಬೈಲಿನಲ್ಲಿ ತೋರಿಸಿದೆ. ನಾಲ್ಕು ಸಾಲು, ಅದೇ ಅಂಕಿಗಳು. ಅಮ್ಮ ಬೆರಳಿಟ್ಟು ಒಂದೊಂದೇ ಓದಿದಳು.

ಸೈಬರ್ ಸೆಂಟರ್‌ನ ಹುಡುಗ ಐಟಿಆರ್-1 ಹಾಕೋಣ ಅಂದ. ತಿಪಟೂರಿನ ತೆರಿಗೆ ಸಲಹೆಗಾರರೊಬ್ಬರು ಬೇಡ ಅಂದರು. ಬೇಸಾಯದ ಆದಾಯ ವರ್ಷಕ್ಕೆ 5,000 ರೂಪಾಯಿ ದಾಟಿದರೆ ಐಟಿಆರ್-1 ಆಗುವುದಿಲ್ಲ. ಅಮ್ಮನ ಹಾಗೆ ಬಡ್ಡಿ ಮತ್ತು ಬೆಳೆ ಎರಡೇ ಇರುವವರು ಐಟಿಆರ್-2 ಹಾಕಬೇಕು. ರೈತರ ಮನೆಯವರು ಇದನ್ನು ನೆನಪಿಡಿ. ಕೊನೆಯಲ್ಲಿ ಆಧಾರ್‌ಗೆ ಜೋಡಿಸಿದ ಫೋನಿಗೆ ಬರುವ ಒಟಿಪಿಯಿಂದ ರಿಟರ್ನ್ ದೃಢಪಡಿಸಬೇಕು. ಅದನ್ನು ಪೋರ್ಟಲ್‌ನಲ್ಲಿ ನೀವೇ ಹಾಕಿ, ಫೋನ್ ಮಾಡಿ ಕೇಳಿದವರಿಗೆ ಹೇಳಬೇಡಿ. "ರಿಫಂಡ್ ಬಂದಿದೆ, ಈ ಲಿಂಕ್ ಒತ್ತಿ" ಅಂತ ಬರುವ ಮೆಸೇಜನ್ನೂ ನಂಬಬೇಡಿ. ರಿಫಂಡ್ ನೀವು ಕೊಟ್ಟ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ.

ಆಗಸ್ಟ್‌ನಲ್ಲಿ ಅಮ್ಮನ ಖಾತೆಗೆ 14,700 ರೂಪಾಯಿ, ಮೇಲೆ ಸ್ವಲ್ಪ ಬಡ್ಡಿ ಬಂತು. ದಂಡ, ಸಲಹೆಗಾರರ ಫೀಸು, ಬಸ್ ಚಾರ್ಜು ಕಳೆದರೂ ಲಾಭವೇ. 2025ರ ಏಪ್ರಿಲ್‌ನಿಂದ 40,000ದ ಮಿತಿ 50,000 ಆಗಿದೆ, ಅರವತ್ತು ದಾಟಿದವರಿಗೆ ಒಂದು ಲಕ್ಷ. ಅಮ್ಮನಿಗೆ ಇನ್ನೂ ಅರವತ್ತು ತುಂಬಿಲ್ಲ. ಹಾಗಾಗಿ 2025ರ ಏಪ್ರಿಲ್‌ನಲ್ಲೂ 15ಜಿ ಕೊಟ್ಟು ಬಂದೆವು.

ತಮ್ಮನ ವಿಷಯ ಹೇಳಬೇಕು. ಬ್ಯಾಂಕಿನಿಂದ ಬಂದ ದಿನವೇ ಅಮ್ಮ ದೇವರ ಗೂಡಿನಿಂದ ಕಾರ್ಡ್ ತೆಗೆದು ಅವನ ಮುಂದೆ ಹಿಡಿದಳು. "ಇಟ್ಕಳಪ್ಪ" ಅಂದಳು, ಅಷ್ಟೇ. ಅವನು ತಗೊಳ್ಳಲಿಲ್ಲ. ನಾನು "ತಪ್ಪಾಯ್ತು ಕಣೋ" ಅಂದೆ. "ನೀನು ಓದಿದೋಳು. ನೀನಾದ್ರೂ ಮೊದ್ಲು ಪುಸ್ತಕ ನೋಡ್ಬೇಕಿತ್ತು" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ರಿಫಂಡ್ ಬಂದ ಮೇಲೆ ಅವನೇ ಒಂದು ಚೀಟಿ ತಂದು ತೋರಿಸಿದ. ಅವನು ಒಂದು ಕಾರ್ಖಾನೆಗೆ ತೆಂಗಿನಕಾಯಿ ಸಾಗಿಸುತ್ತಾನೆ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದ್ದಕ್ಕೆ ಅವರೂ ಶೇ. 1 ಹಿಡಿಯುತ್ತಿದ್ದರು. ವಿಚಾರಿಸಿದೆ. ಹತ್ತು ಅಥವಾ ಅದಕ್ಕಿಂತ ಕಡಿಮೆ ಸರಕು ವಾಹನ ಇರುವ ಮಾಲೀಕರು ಹಾಗಂತ ಬರೆದುಕೊಟ್ಟು, ಪ್ಯಾನ್ ನಂಬರ್ ಕೊಟ್ಟರೆ ಸಾಗಣೆ ಬಾಡಿಗೆಯಲ್ಲಿ ಏನೂ ಹಿಡಿಯಬೇಕಾಗಿಲ್ಲ. ಅವನಿಗಿರುವುದು ಒಂದೇ ಆಟೋ. ಕಾಗದವನ್ನು ನಾನೇ ಬರೆದೆ, ಅವನು ಸಹಿ ಹಾಕಿ ಕೊಟ್ಟು ಬಂದ.

ಕಾರ್ಡ್ ಈಗ ಮತ್ತೆ ಅವನ ಜೇಬಿನಲ್ಲಿದೆ. ಮೂರು ತಿಂಗಳಿಗೊಮ್ಮೆ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಎಂಟ್ರಿ ಹಾಕಿಸುತ್ತಾನೆ. ತೆಗೆದ ಕಡೆ ಯಾವ ಅಂಕಿ ಕಂಡರೂ ಅಮ್ಮ ಈಗ ಮೊದಲು ಕೌಂಟರಿನವರನ್ನು ಕೇಳುತ್ತಾಳೆ: "ಇದು ಯಾವುದು ಸ್ವಾಮಿ?"